ಅರ್ಧ ಆವರ್ತನವೇ ಸಾಕು



ಹೆಗ್ಗರಣೆ ಕಡೆಯ ಮನೆಗಳಲ್ಲಿ ಹಳೆಯ ರೇಡಿಯೋದ ಮುಳ್ಳನ್ನು 765 ಕಿಲೋಹರ್ಟ್ಸ್‌ಗೆ ತಿರುಗಿಸಿ ಧಾರವಾಡ ಆಕಾಶವಾಣಿ ಕೇಳಿದವರಿದ್ದಾರೆ. ಈ ನಿಲಯ 1 ಕಿಲೋಹರ್ಟ್ಸ್‌ನ ಒಂದು ಸ್ವರ ಕಳಿಸಿದರೆ 765ರ ಜೊತೆ 764 ಮತ್ತು 766 ಕೂಡ ಹೊರಡುತ್ತವೆ. ಒಂದು ಸ್ವರಕ್ಕೆ ಎರಡು ಆವರ್ತನ ಏಕೆ?

ಸಂಕೀರ್ಣ ಸಂಖ್ಯೆಗಳ ಸಮತಲವನ್ನು ನೆನಪಿಸಿಕೊಳ್ಳಿ. ಒಂದೇ ಉದ್ದದ ಎರಡು ಮುಳ್ಳುಗಳು ವಾಸ್ತವ ಅಕ್ಷದಿಂದ ಹೊರಟು, ಒಂದೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ತಿರುಗಲಿ. ಕೂಡಿಸಿದರೆ ಕಾಲ್ಪನಿಕ ಭಾಗಗಳು ಹೋಗಿ ಕೊಸೈನ್ ಅಲೆ ಉಳಿಯುತ್ತದೆ. ಒಂದು ಮುಳ್ಳಿನದು ಧನ ಆವರ್ತನ, ಇನ್ನೊಂದರದು ಋಣ. ಇವೆರಡೂ 765ರಷ್ಟು ಮೇಲೆ ಸರಿದಾಗ 766 ಮತ್ತು 764 ಆಗುತ್ತವೆ.

ಯಾವುದೇ ಧ್ವನಿಯ ಫೋರಿಯರ್ ರೂಪದಲ್ಲೂ ಋಣ ಭಾಗವು ಧನ ಭಾಗದ ಕನ್ನಡಿ ಬಿಂಬ. ಆದ್ದರಿಂದ ಅದನ್ನು ಅಳಿಸಿದರೂ ಮಾಹಿತಿ ನಷ್ಟವಾಗದು. ಉಳಿದದ್ದರ ವಾಸ್ತವ ಭಾಗವನ್ನು 2ರಿಂದ ಗುಣಿಸಿದರೆ ಮೂಲ ಅಲೆ ಮರಳುತ್ತದೆ. ಇಂಥ ಒಂದೇ ಬದಿಯ ಸಂಕೇತಕ್ಕೆ ಅನಲಿಟಿಕ್ ಸಿಗ್ನಲ್ ಎಂದು ಹೆಸರು. 1946ರಲ್ಲಿ ಡೆನಿಸ್ ಗೇಬರ್ ಇದನ್ನು ಸಂವಹನ ಸಿದ್ಧಾಂತದಲ್ಲಿ ಬಳಸಿದರು.

ಹ್ಯಾಮ್ ರೇಡಿಯೋದವರು ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ಇದೇ ತತ್ವದ್ದು: ಒಂದು ಬದಿ ಮಾತ್ರ ಕಳಿಸುತ್ತಾರೆ. ಅರ್ಧ ಜಾಗ ಸಾಕು, ವಿದ್ಯುತ್ತೂ ಉಳಿಯುತ್ತದೆ. ಆದರೆ ಕೇಳುವವರು ಆವರ್ತನವನ್ನು ಬಹಳ ನಿಖರವಾಗಿ ಹೊಂದಿಸದಿದ್ದರೆ ಮಾತು ವಿಕಾರವಾಗುತ್ತದೆ. ಮನೆಯ ಸರಳ ರೇಡಿಯೋಗೆ ಆ ಕಷ್ಟ ಬೇಡವೆಂದೇ ಆಕಾಶವಾಣಿ ಎಲ್ಲವನ್ನೂ ಕಳಿಸುತ್ತದೆ.

ಈಗ ನೀವೇ ಬಿಡಿಸಿ: ಸೈನ್ ಅಲೆ ಬರಬೇಕಾದರೆ ಎರಡು ಮುಳ್ಳುಗಳು ಎಲ್ಲಿಂದ ಹೊರಡಬೇಕು?