ಸ್ವಂತ ಉದ್ಯೋಗದವರ ಆರೋಗ್ಯ ವಿಮೆ: ಪ್ರೀಮಿಯಂ ಒಂದನ್ನೇ ನೋಡಬೇಡಿ

ಊರಿನಲ್ಲಿ ಆರೋಗ್ಯ ವಿಮೆ ಮಾಡಿಸುವಾಗ ನಾವು ಮೊದಲು ಕೇಳುವುದು ‘ಎಷ್ಟು ಲಕ್ಷದ ಪಾಲಿಸಿ?’ ಎಂದು. ಐದು ಲಕ್ಷದ್ದಾದರೆ ಕಂಪನಿ ಅಷ್ಟರವರೆಗೆ ಕೊಡುತ್ತದೆ, ಅದರ ಮೇಲಿನದು ನಮ್ಮ ತಲೆಗೆ. ಅಮೆರಿಕದಲ್ಲಿ ಸರ್ಕಾರದ ವಿಮಾ ಮಾರುಕಟ್ಟೆಯಾದ ಮಾರ್ಕೆಟ್‌ಪ್ಲೇಸ್‌ನ ಪ್ಲಾನ್‌ಗಳಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಮಿತಿ ಇರುವುದು ನಮ್ಮ ಖರ್ಚಿಗೆ. 2026ರಲ್ಲಿ ನೆಟ್‌ವರ್ಕ್‌ನೊಳಗಿನ, ಅಂದರೆ ವಿಮಾ ಕಂಪನಿಯೊಂದಿಗೆ ಒಪ್ಪಂದವಿರುವ ಡಾಕ್ಟರು, ಆಸ್ಪತ್ರೆಗಳ ಚಿಕಿತ್ಸೆಗೆ ಒಬ್ಬರ ಕೈಯಿಂದ 10,600 ಡಾಲರ್, ಕುಟುಂಬದ ಕೈಯಿಂದ 21,200 ಡಾಲರ್‌ಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ; ಎಷ್ಟೋ ಪ್ಲಾನ್‌ಗಳ ಮಿತಿ ಇದಕ್ಕಿಂತಲೂ ಕಡಿಮೆ. ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್ ಎಂದು ಕರೆಯುವ ಈ ಮೊತ್ತದಲ್ಲಿ ಪ್ರೀಮಿಯಂ ಸೇರಿರುವುದಿಲ್ಲ. ಆದ್ದರಿಂದ ಹನ್ನೆರಡು ತಿಂಗಳ ಪ್ರೀಮಿಯಂಗೆ ಈ ಮಿತಿಯನ್ನು ಕೂಡಿಸಿ ಪ್ಲಾನ್‌ಗಳನ್ನು ಹೋಲಿಸುವುದೇ ಸರಿಯಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಪ್ಲಾನ್‌ಗೆ ತಿಂಗಳಿಗೆ 400 ಡಾಲರ್, ಮಿತಿ 10,600 ಎಂದುಕೊಳ್ಳಿ. ಇನ್ನೊಂದಕ್ಕೆ 560 ಡಾಲರ್, ಮಿತಿ 6,000. ಕಾಯಿಲೆ ಬಾರದ ವರ್ಷದಲ್ಲಿ ಮೊದಲನೆಯದು 1,920 ಡಾಲರ್ ಉಳಿಸುತ್ತದೆ. ಆಸ್ಪತ್ರೆ ಸೇರಿ ಮಿತಿ ಮುಟ್ಟಿದ ವರ್ಷದಲ್ಲಿ ಅದಕ್ಕೆ 15,400, ಎರಡನೆಯದಕ್ಕೆ 12,720. ‘ನಾವಿನ್ನೂ ಚಿಕ್ಕವರು, ಗಟ್ಟಿಮುಟ್ಟಾಗಿದ್ದೇವೆ, ಹೆಚ್ಚು ಕಟ್ಟುವುದೇಕೆ?’ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಮಿತಿಯಷ್ಟು ಹಣ ಬ್ಯಾಂಕಿನಲ್ಲಿದ್ದರೆ ಪ್ರೀಮಿಯಂ ಕಡಿಮೆಯಿರುವ ಬ್ರಾಂಜ್ ಪ್ಲಾನ್ ಆರಿಸಿಕೊಳ್ಳುವುದು ತಪ್ಪಲ್ಲ. 2026ರಿಂದ ಮಾರ್ಕೆಟ್‌ಪ್ಲೇಸ್‌ನ ಬ್ರಾಂಜ್ ಪ್ಲಾನ್‌ಗಳ ಜೊತೆ ತೆರಿಗೆ ಉಳಿಸುವ ಎಚ್‌ಎಸ್‌ಎ ಖಾತೆಯನ್ನೂ ತೆರೆಯಬಹುದು. ಆದರೆ ಸ್ವಂತ ಉದ್ಯೋಗದವರಿಗೆ ಸಂಬಳದ ರಜೆ ಎಂಬುದಿಲ್ಲ. ಹಾಸಿಗೆ ಹಿಡಿದ ತಿಂಗಳಲ್ಲಿ ಬಿಲ್ ಬರುತ್ತದೆ, ಗಿರಾಕಿಯ ಹಣ ಬರುವುದಿಲ್ಲ. ನೌಕರಿಯಲ್ಲಿರುವ ಸ್ನೇಹಿತರಿಗೆ ಸರಿಹೋದ ಪ್ಲಾನ್ ಇವರಿಗೆ ಸರಿಹೋಗದಿರುವುದು ಇದಕ್ಕೇ.

ಅಗ್ಗದ ಶಾರ್ಟ್ ಟರ್ಮ್ ವಿಮೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಮಾರ್ಕೆಟ್‌ಪ್ಲೇಸ್ ಪ್ಲಾನ್‌ಗಳು ಸಕ್ಕರೆ ಕಾಯಿಲೆ, ಬಿಪಿ ಇದೆಯೆಂದು ಯಾರನ್ನೂ ತಿರಸ್ಕರಿಸುವಂತಿಲ್ಲ. ಶಾರ್ಟ್ ಟರ್ಮ್ ವಿಮೆಗೆ ಆ ಕಟ್ಟುಪಾಡಿಲ್ಲ. ವಿಮೆ ಬೇಕಾಗುವುದೇ ಅಂಥ ಹೊತ್ತಿನಲ್ಲಿ, ಅಲ್ಲೇ ಕೈಕೊಟ್ಟರೆ ಉಳಿಸಿದ ಹಣಕ್ಕೆ ಏನು ಅರ್ಥ?

ಮಾರ್ಕೆಟ್‌ಪ್ಲೇಸ್ ಪ್ಲಾನ್‌ಗಳ ಪ್ರೀಮಿಯಂಗೆ ಸರ್ಕಾರ ಕೊಡುವ ಸಬ್ಸಿಡಿಯ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಅದನ್ನು ನಿರ್ಧರಿಸುವುದು ನೀವು ಅಂದಾಜಿಸುವ ವರ್ಷದ ಆದಾಯ. ವ್ಯಾಪಾರದ ಮಟ್ಟಿಗೆ ಒಟ್ಟು ವಹಿವಾಟಲ್ಲ, ಖರ್ಚು ಕಳೆದ ಲಾಭ. 2026ರ ತೆರಿಗೆ ವರ್ಷದಿಂದ, ಅಂದಾಜು ಮೀರಿ ಗಳಿಸಿದರೆ ಹೆಚ್ಚಾಗಿ ಪಡೆದ ಸಬ್ಸಿಡಿಯನ್ನು ಪೂರ್ತಿ ಹಿಂತಿರುಗಿಸಬೇಕು. ಕೈತುಂಬ ಕೆಲಸ ಸಿಕ್ಕ ಕೂಡಲೇ ಹೊಸ ಅಂದಾಜನ್ನು ಮಾರ್ಕೆಟ್‌ಪ್ಲೇಸ್‌ಗೆ ತಿಳಿಸಿಬಿಡಿ. ನೀವು ಕೈಯಿಂದ ಕಟ್ಟಿದ ಪ್ರೀಮಿಯಂ ಅನ್ನು ಸಾಮಾನ್ಯವಾಗಿ ಆದಾಯದಿಂದ ಕಳೆಯಬಹುದು. ಆದರೆ ಗಂಡ ಅಥವಾ ಹೆಂಡತಿಯ ಕಂಪನಿಯ ವಿಮೆಗೆ ಸೇರಲು ಅವಕಾಶವಿದ್ದ ತಿಂಗಳುಗಳಿಗೆ ಆ ವಿನಾಯಿತಿ ಇಲ್ಲ.

ಅಮೆರಿಕಕ್ಕೆ ಈಗಷ್ಟೇ ಬಂದವರು ನವೆಂಬರ್ 1ರಂದು ಶುರುವಾಗುವ ವಾರ್ಷಿಕ ನೋಂದಣಿಗೆ ಕಾಯಬೇಕಿಲ್ಲ, ಬಂದು 60 ದಿನಗಳೊಳಗೆ ಸೇರಬಹುದು. ಅಷ್ಟರಲ್ಲಿ ನಿಮ್ಮ ಮಕ್ಕಳ ಡಾಕ್ಟರು, ಹತ್ತಿರದ ಆಸ್ಪತ್ರೆ ನೆಟ್‌ವರ್ಕ್‌ನಲ್ಲಿವೆಯೇ, ದಿನವೂ ತೆಗೆದುಕೊಳ್ಳುವ ಮಾತ್ರೆ ಪ್ಲಾನ್‌ನ ಔಷಧಿ ಪಟ್ಟಿಯಲ್ಲಿದೆಯೇ ಎಂದು ಫೋನ್ ಮಾಡಿ ಕೇಳಿ. ತುರ್ತು ಚಿಕಿತ್ಸೆಯಂಥ ಸಂದರ್ಭ ಬಿಟ್ಟರೆ, ನೆಟ್‌ವರ್ಕ್‌ನ ಹೊರಗೆ ಮಾಡಿದ ಖರ್ಚಿಗೆ ಮೇಲೆ ಹೇಳಿದ ಮಿತಿಯ ರಕ್ಷಣೆ ಇರುವುದಿಲ್ಲ.