ಸಾರ್ವಜನಿಕ ಕೀಲಿಯನ್ನು ‘ಬೀಗ’ ಎಂದೇ ಕಲಿಸೋಣ: ಒಂದು ಅನುಕರಣ ಪಾಠದ ಅವಲೋಕನ

ವಿಷಯ: ಎಸ್‌ಎಸ್‌ಎಚ್ ಕೀಲಿಯ ಮೂಲಕ ಗಿಟ್‌ಹಬ್ ಪ್ರವೇಶ
ಕಲಿಯುವವರು: ಸಹಪ್ರಶಿಕ್ಷಣಾರ್ಥಿಗಳು
ಅವಧಿ: 40 ನಿಮಿಷ
ಉದ್ದೇಶಗಳು: ಕಲಿಯುವವರು (1) ಕೀಲಿಜೋಡಿಯನ್ನು ತಯಾರಿಸುವರು, (2) ಜೋಡಿಯ ಎರಡು ಕಡತಗಳನ್ನು ಗುರುತಿಸುವರು, (3) ಸಂಪರ್ಕವನ್ನು ಪರೀಕ್ಷಿಸುವರು.

ಪೀಠಿಕೆ

ನಮ್ಮ ಗುಂಪಿನ ಪಾಠಯೋಜನೆಗಳನ್ನೂ ಪೈಥಾನ್ ಉದಾಹರಣೆಗಳನ್ನೂ ಗಿಟ್‌ಹಬ್‌ನಲ್ಲಿ ಒಂದೆಡೆ ಇಡಲು ನಿರ್ಧರಿಸಿದ್ದೆವು. ಗಿಟ್ ಕೆಲಸಗಳಿಗೆ ಖಾತೆಯ ಪಾಸ್‌ವರ್ಡನ್ನು ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಒಪ್ಪುವುದಿಲ್ಲ. ಟೋಕನ್ ಅಥವಾ ಎಸ್‌ಎಸ್‌ಎಚ್ ಕೀಲಿ ಬೇಕು. ಪಾಠದ ಅಗತ್ಯ ಹುಟ್ಟಿದ್ದು ಹೀಗೆ.

ಪಾಠದ ಬೆಳವಣಿಗೆ

(ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ. ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.)

1. ಗಿಟ್ ಬ್ಯಾಶ್ ತೆರೆದು ‘ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519’ ಎಂದು ಕೊಡುವುದು.
2. ರಹಸ್ಯಪದ ಕೇಳಿದಾಗ ಟೈಪ್ ಮಾಡುವುದು. ಪರದೆಯ ಮೇಲೆ ಅಕ್ಷರ, ಚುಕ್ಕಿ ಯಾವುದೂ ಕಾಣುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದು ಇಬ್ಬರು ಕೈ ಎತ್ತಿದರು. ಇದನ್ನು ಮೊದಲೇ ಹೇಳಬೇಕಿತ್ತು.
3. ‘ಪಬ್’ ಎಂದು ಕೊನೆಯಾಗುವ ಕಡತದ ಸಾಲನ್ನು ನಕಲಿಸಿ, ಗಿಟ್‌ಹಬ್ ಸೆಟ್ಟಿಂಗ್ಸ್‌ನ ಎಸ್‌ಎಸ್‌ಎಚ್ ವಿಭಾಗದಲ್ಲಿ ಅಂಟಿಸುವುದು.
4. ‘ಎಸ್‌ಎಸ್‌ಎಚ್ -ಟಿ ಗಿಟ್@ಗಿಟ್‌ಹಬ್.ಕಾಮ್’ ಎಂದು ಪರೀಕ್ಷಿಸುವುದು (ಇಲ್ಲಿ ‘ಟಿ’ ದೊಡ್ಡಕ್ಷರ). ನಮ್ಮ ಬಳಕೆದಾರ ಹೆಸರಿನೊಂದಿಗೆ ‘ಹಾಯ್’ ಎಂಬ ಉತ್ತರ ಬಂದರೆ ಕೆಲಸ ಆಯಿತು.

ಎಡವಿದ್ದು ಎಲ್ಲಿ?

ನಾನು ಪಾಠದಲ್ಲಿ, ‘ಎರಡು ಕೀಲಿಗಳು ಹುಟ್ಟುತ್ತವೆ, ಒಂದನ್ನು ಗಿಟ್‌ಹಬ್‌ಗೆ ಕೊಡಿ’ ಎಂದೆ. ವಿಂಡೋಸ್ ಕಡತದ ಹೆಸರಿನ ಬಾಲವನ್ನು ಮರೆಮಾಡುವುದರಿಂದ ಎರಡೂ ಒಂದೇ ಹೆಸರಿನವಾಗಿ ಕಂಡವು. ಒಬ್ಬ ಗೆಳತಿ ಖಾಸಗಿ ಕೀಲಿಯನ್ನೇ ಅಂಟಿಸಿದಳು. ಗಿಟ್‌ಹಬ್ ತಿರಸ್ಕರಿಸಿತು. ಆಗ ಅವಳು ‘ಏನು ತಪ್ಪಾಗಿದೆ ನೋಡಿ’ ಎಂದು ಇಡೀ ಕಡತವನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಸಂದೇಶ ಅಳಿಸಿದರೆ ಸಾಲದು. ಯಾರಾದರೂ ಆಗಲೇ ನಕಲಿಸಿಕೊಂಡಿರಬಹುದು. ಆ ಜೋಡಿಯನ್ನು ಅಳಿಸಿ ಹೊಸದನ್ನು ಮಾಡಿಸಿದೆ. ತಪ್ಪು ಅವಳದಲ್ಲ, ನನ್ನ ಪದದ್ದು. ಎರಡನ್ನೂ ‘ಕೀಲಿ’ ಎಂದು ಕರೆದರೆ ಯಾವುದನ್ನು ಬಚ್ಚಿಡಬೇಕು ಎಂದು ಹೊಸಬರಿಗೆ ಹೇಗೆ ತಿಳಿಯಬೇಕು?

ಮರುಪಾಠ

ಎರಡನೆಯ ಗುಂಪಿಗೆ ಕಲಿಸುವಾಗ ಒಂದು ಬೀಗ ಮತ್ತು ಅದರ ಕೈಯನ್ನು ಮೇಜಿನ ಮೇಲೆ ಇಟ್ಟೆ. ಸಾರ್ವಜನಿಕ ಕೀಲಿ ಎಂದರೆ ಬೀಗ: ಎಷ್ಟು ಬಾಗಿಲಿಗೆ ಬೇಕಾದರೂ ಹಾಕಬಹುದು, ಊರೆಲ್ಲ ನೋಡಬಹುದು. ಖಾಸಗಿ ಕೀಲಿ ಎಂದರೆ ಬೀಗದ ಕೈ: ನಮ್ಮ ಗಣಕ ಬಿಟ್ಟು ಹೊರಗೆ ಹೋಗಬಾರದು. ಅಂಟಿಸುವ ಮೊದಲು ಮೊದಲ ಪದಗಳನ್ನು ಗಟ್ಟಿಯಾಗಿ ಓದಿಸಿದೆ. ‘ಎಸ್‌ಎಸ್‌ಎಚ್-ಇಡಿ25519’ ಎಂದು ಆರಂಭವಾಗುವ ಒಂದೇ ಸಾಲಾದರೆ ಬೀಗ. ‘ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ’ ಎಂದಿದ್ದರೆ ಕೂಡಲೇ ಕಡತ ಮುಚ್ಚಬೇಕು. ಈ ಬಾರಿ ಯಾರೂ ತಪ್ಪಲಿಲ್ಲ.

ಹೋಲಿಕೆಗೂ ಮಿತಿಯಿದೆ. ನಿಜವಾಗಿ ನಡೆಯುವುದು ಸಹಿಯ ಕೆಲಸ: ನಮ್ಮ ಗಣಕ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ, ಗಿಟ್‌ಹಬ್ ಸಾರ್ವಜನಿಕ ಕೀಲಿಯಿಂದ ಅದನ್ನು ತಾಳೆ ನೋಡುತ್ತದೆ. ಇದನ್ನು ಪಾಠದ ಕೊನೆಗೆ ಹೇಳಿದರೆ ಸಾಕು.

ಮೌಲ್ಯಮಾಪನ ಪ್ರಶ್ನೆಗಳು

1. ಪ್ರಯೋಗಾಲಯದ ಗಣಕವನ್ನು ಹಲವರು ಬಳಸುವಾಗ ರಹಸ್ಯಪದವಿಲ್ಲದ ಕೀಲಿಯನ್ನು ಅದರಲ್ಲಿ ಬಿಟ್ಟುಹೋದರೆ ಏನಾಗಬಹುದು?
2. ಕೀಲಿ ಸರಿಯಿದ್ದರೂ ಗಿಟ್ ಪಾಸ್‌ವರ್ಡ್ ಕೇಳುತ್ತಿದೆ. ಭಂಡಾರದ ವಿಳಾಸ ‘ಎಚ್‌ಟಿಟಿಪಿಎಸ್’ನಿಂದ ಆರಂಭವಾಗಿದೆಯೇ ಎಂದು ಏಕೆ ನೋಡಬೇಕು?