ಬಾಳೆಯ ಬೇರಿಗೊಬ್ಬ ಕಾವಲುಗಾರ

ಶಿಲೀಂಧ್ರವೆಂದೊಡನೆ ನಮಗೆ ನೆನಪಾಗುವುದು ಹಳಸಿದ ತಿನಿಸಿನ ಮೇಲಣ ಬೂಷ್ಟು. ಆದರೆ ಶಿಲೀಂಧ್ರಗಳೆಲ್ಲವೂ ಕೇಡಿಗಳಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ, ಬೆಳೆಗೆ ಶತ್ರುವಾದ ಶಿಲೀಂಧ್ರವನ್ನು ಮತ್ತೊಂದು ಶಿಲೀಂಧ್ರದಿಂದ ಹತ್ತಿಕ್ಕಬಹುದು. ಬಾಳೆಯ ಉದಾಹರಣೆಯಿಂದ ಈ ಸಂಗತಿಯನ್ನು ವಿವೇಚಿಸೋಣ.

ಬಾಳೆಯ ಪರಮ ವೈರಿ ಪನಾಮಾ ಸೊರಗು ರೋಗ. ಇದಕ್ಕೆ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದು ಮಣ್ಣಿನಿಂದ ಬೇರನ್ನು ಹೊಕ್ಕು, ನೀರು ಸಾಗುವ ನಾಳಗಳನ್ನು ಮುಚ್ಚಿಬಿಡುತ್ತದೆ. ಬುಡದಲ್ಲಿ ನೀರಿದ್ದರೂ ಗಿಡವು ಬಾಯಾರಿ ಸಾಯುತ್ತದೆ. ಅದರ ಬೀಜಾಣುಗಳು ದಶಕಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲವು. ಮಧ್ಯ ಅಮೆರಿಕದಿಂದ ರಫ್ತಾಗುತ್ತಿದ್ದ ಗ್ರೋ ಮಿಷೆಲ್ ತಳಿಯು ಈ ರೋಗಕ್ಕೆ ತುತ್ತಾಗಿ, 1960ರ ದಶಕದಲ್ಲಿ ಕ್ಯಾವೆಂಡಿಷ್ ಬಾಳೆಗೆ ಸ್ಥಳ ಬಿಟ್ಟುಕೊಟ್ಟಿತು. ನಮ್ಮ ನಂಜನಗೂಡಿನ ರಸಬಾಳೆ ಬಲು ವಿರಳವಾದುದಕ್ಕೂ ಇದೇ ರೋಗ ಮುಖ್ಯ ಕಾರಣ.

ಇಂತಹ ವೈರಿಗೂ ಎದುರಾಳಿಯುಂಟು. ಅದೇ ಟ್ರೈಕೋಡರ್ಮ. 1794ರಲ್ಲಿ ಪೆರ್ಸೂನ್ ಎಂಬ ವಿಜ್ಞಾನಿ ಇದಕ್ಕೆ ಹೆಸರಿಟ್ಟನು. ಇದು ಬೇರೆ ಶಿಲೀಂಧ್ರಗಳನ್ನು ತಿಂದು ಬದುಕಬಲ್ಲದೆಂಬುದನ್ನು 1932ರಲ್ಲಿ ವೈಂಡ್ಲಿಂಗ್ ಪ್ರಕಟಿಸಿದನು. ಟ್ರೈಕೋಡರ್ಮದ ಎಳೆಗಳು ವೈರಿಯ ಎಳೆಗಳನ್ನು ಬಳ್ಳಿಯಂತೆ ಸುತ್ತಿ, ಕಿಣ್ವಗಳಿಂದ ಅವುಗಳ ಕೋಶಭಿತ್ತಿಯನ್ನು ಕರಗಿಸುತ್ತವೆ. ಬೇರಿನ ಸುತ್ತಲಿನ ಸ್ಥಳವನ್ನೂ ಆಹಾರವನ್ನೂ ಮೊದಲೇ ಆಕ್ರಮಿಸಿ ವೈರಿಗೆ ಎಡೆಗೊಡವು. ಅಲ್ಲದೆ, ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತವೆ.

ಬಳಸುವ ಕ್ರಮವು ಸರಳವಾದುದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೂ ಬೇವಿನ ಹಿಂಡಿಗೂ ಟ್ರೈಕೋಡರ್ಮದ ಪುಡಿಯನ್ನು ಬೆರೆಸಿ, ನೆರಳಿನಲ್ಲಿ ತೇವವಾರದಂತೆ ಸುಮಾರು ಎರಡು ವಾರ ಇಡಬೇಕು. ಶಿಲೀಂಧ್ರವು ಅದರಲ್ಲಿ ಹಬ್ಬಿದ ಮೇಲೆ, ಕಂದು ನೆಡುವಾಗ ಗುಣಿಗೆ ಹಾಕಬೇಕು.

ಆದರೆ ಇದನ್ನು ಸಂಜೀವಿನಿಯೆಂದು ಭಾವಿಸಬಾರದು. ನಾಳಗಳೊಳಗೆ ರೋಗ ಹರಡಿದ ಗಿಡವನ್ನು ಇದು ಬದುಕಿಸಲಾರದು. ರೋಗ ತಗುಲಿದ ತೋಟದಿಂದ ಕಂದು ತಂದು ನೆಟ್ಟರೆ, ಎಷ್ಟು ಪುಡಿ ಸುರಿದರೂ ವ್ಯರ್ಥ. ಶಿಲೀಂಧ್ರನಾಶಕ ರಾಸಾಯನಿಕವನ್ನು ಜೊತೆಯಲ್ಲೇ ಸುರಿದರೆ ಕಾವಲುಗಾರನೇ ಸಾಯಬಹುದು. ಸಾವಯವ ಗೊಬ್ಬರವಿಲ್ಲದ ಬರಡು ಮಣ್ಣಿನಲ್ಲಿ ಅದು ಹೆಚ್ಚು ಕಾಲ ನಿಲ್ಲಲಾರದು.

ಆದುದರಿಂದ ಟ್ರೈಕೋಡರ್ಮವು ವೈದ್ಯನಲ್ಲ, ಕಾವಲುಗಾರ. ಕಳ್ಳನು ಒಳಹೊಕ್ಕ ಮೇಲೆ ಕಾವಲಿಟ್ಟು ಫಲವೇನು? ರೋಗವಿಲ್ಲದ ಕಂದು, ನೀರು ನಿಲ್ಲದ ನೆಲ, ಗೊಬ್ಬರವುಂಡ ಮಣ್ಣು ಇವು ಮೊದಲೇ ಸಿದ್ಧವಾಗಿದ್ದರೆ ಈ ಸೂಕ್ಷ್ಮಜೀವಿಯ ಸೇವೆ ಸಾರ್ಥಕವಾಗುವುದು. ರಸಬಾಳೆಯಂತಹ ತಳಿಯ ಸವಿ ಮುಂದಿನ ಪೀಳಿಗೆಗೂ ದೊರೆಯಬೇಕಾದರೆ, ನಮ್ಮ ರಕ್ಷಣೆ ಬೇರಿನಿಂದಲೇ ಆರಂಭವಾಗಬೇಕು.